ದೆಹಲಿಗೆ ಹೋದವರು ಊರಿಗೆ ಏನು ತಂದರು?

ನಮ್ಮ ರಾಜ್ಯದ ನಾಯಕರೊಬ್ಬರು ಸಂಸತ್ತಿಗೆ ಹೋದರೆ ನಾವು ಮೊದಲು ಕೇಳೋದು ‘ಮಂತ್ರಿ ಆದ್ರಾ? ಯಾವ ಖಾತೆ?’ ಅಂತ. ನೈರೋಬಿಯಲ್ಲಿ ಕೂತು ಊರಿನ ರಾಜಕೀಯ ಮಾತಾಡುವಾಗಲೂ ಅಷ್ಟೇ. ಈ ಲೆಕ್ಕ ಸರಿಯಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಮಲ್ಲಿಕಾರ್ಜುನ ಖರ್ಗೆಯವರನ್ನೇ ನೋಡಿ. 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದವರು ವಿಧಾನಸಭೆಗೆ ಸತತ ಒಂಬತ್ತು ಸಲ ಗೆದ್ದರು. ಮುಖ್ಯಮಂತ್ರಿ ಕುರ್ಚಿ ಮಾತ್ರ ಸಿಗಲಿಲ್ಲ. 2009ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಹೋದರು. ಕಾರ್ಮಿಕ ಸಚಿವ, ರೈಲ್ವೆ ಸಚಿವ, 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷ. ಪದವಿಗಳ ಪಟ್ಟಿ ಉದ್ದವೇ ಇದೆ. ಆದರೆ ಯಾದಗಿರಿಯ ವಿದ್ಯಾರ್ಥಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಸಂವಿಧಾನದ 371(ಜೆ) ವಿಧಿ.

ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದರು. ಆದರೆ ಸಂವಿಧಾನ ತಿದ್ದುಪಡಿ ಬೆಂಗಳೂರಿನಲ್ಲಿ ಆಗೋ ಕೆಲಸವಲ್ಲ. ಖರ್ಗೆ, ಧರ್ಮಸಿಂಗ್ ಇಬ್ಬರೂ ದೆಹಲಿಯಲ್ಲಿ ಕೂತು ಒತ್ತಡ ಹಾಕಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು. ಅದರಿಂದ ಆ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಅಲ್ಲಿನ ಮಕ್ಕಳಿಗೆ ಮೀಸಲಾಯಿತು. 2019ರಲ್ಲಿ ಖರ್ಗೆ ಅದೇ ಕಲಬುರಗಿಯಲ್ಲಿ ಸೋತರು. ಮಕ್ಕಳ ಸೀಟು ಹಾಗೇ ಉಳಿಯಿತು. ಪದವಿಗೂ ಕಾನೂನಿಗೂ ಇರುವ ವ್ಯತ್ಯಾಸ ಇಷ್ಟೇ.

ಹಾಗಂತ ಕಾನೂನು ಬಂದ ಮಾತ್ರಕ್ಕೆ ಎಲ್ಲಾ ಸರಿಹೋಯಿತು ಅಂತಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿದ್ದವು. ಹತ್ತನೇ ತರಗತಿಯಲ್ಲೇ ಎಡವಿದವರಿಗೆ ಮೆಡಿಕಲ್ ಸೀಟಿನ ಮೀಸಲಾತಿ ಕೈಗೆಟುಕದ ಹಣ್ಣು. ನಾವಿರುವ ಕೀನ್ಯಾದಲ್ಲೂ ಇದೇ ಪಾಠ. ಇಲ್ಲಿನ 2010ರ ಸಂವಿಧಾನದ 204ನೇ ವಿಧಿ, ಹಿಂದುಳಿದ ಪ್ರದೇಶಗಳ ನೀರು, ರಸ್ತೆ, ಆಸ್ಪತ್ರೆ, ವಿದ್ಯುತ್ತಿಗೆಂದು ರಾಷ್ಟ್ರದ ಆದಾಯದ ಶೇ. 0.5 ಭಾಗವನ್ನು ಎತ್ತಿಟ್ಟಿತು. ಆದರೆ ತುರ್ಕಾನಾ, ಮಂಡೇರಾದಂಥ ಕಡೆಗೆ ಆ ಹಣ ತಲುಪಲು ವರ್ಷಗಳೇ ಹಿಡಿದವು. ಸಂವಿಧಾನದಲ್ಲಿ ಬರೆದದ್ದನ್ನು ಊರಿನ ಶಾಲೆಯವರೆಗೆ ತಲುಪಿಸಲು ಬೆನ್ನುಬಿದ್ದು ಕೇಳುವವರು ಬೇಕು.

ಖರ್ಗೆಯವರ ಪಕ್ಷ ನಮ್ಮಲ್ಲಿ ಕೆಲವರಿಗೆ ಇಷ್ಟ, ಕೆಲವರಿಗೆ ಕಷ್ಟ. ಅದು ಇರಲಿ. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗುತ್ತಾರೆ. ರಜೆಗೆ ಊರಿಗೆ ಹೋದಾಗ ನಮ್ಮ ಸಂಸದರು ಸಿಕ್ಕರೆ ಸೆಲ್ಫಿ ತೆಗೆದುಕೊಳ್ಳೋಣ, ಬೇಡ ಅನ್ನೋರು ಯಾರು? ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳೋಣ: ‘ನೀವು ಸೋತ ಮೇಲೂ ನಮ್ಮೂರಲ್ಲಿ ಉಳಿಯುವಂಥದ್ದು ಏನು ಮಾಡಿದ್ದೀರಿ, ಸರ್?’