ಅಲಮಾರಿಯ ಮೇಲಿನ ಚೆಸ್ ಬೋರ್ಡ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ನಮ್ಮ ಮನೆಯ ಚೆಸ್ ಬೋರ್ಡ್ ಅಲಮಾರಿಯ ಮೇಲೆ ಹೋಯಿತು. ಇಟ್ಟವರು ಅಮ್ಮಿ. ಸಿಟ್ಟಿನಿಂದಲ್ಲ, ಕಾಳಜಿಯಿಂದ. "ಆಡೋ ವಯಸ್ಸು ಮುಗೀತು ಬೇಟಾ, ಇನ್ನ ಎರಡು ವರ್ಷ ಬರೇ ಓದು" ಎಂದರು. ನಿಮ್ಮಲ್ಲಿ ಹಲವರ ಮನೆಯಲ್ಲೂ ಹೀಗೇ ಆಗಿರಬಹುದು. ಒಬ್ಬರ ಕ್ರಿಕೆಟ್ ಬ್ಯಾಟು, ಇನ್ನೊಬ್ಬರ ಕೇರಂ ಬೋರ್ಡು, ಮತ್ತೊಬ್ಬರ ಬಣ್ಣದ ಡಬ್ಬಿ. ಪಿಯುಸಿ ಬಂತೆಂದರೆ ಇಷ್ಟದ ವಸ್ತುಗಳೆಲ್ಲ ಕೈಗೆಟುಕದ ಜಾಗಕ್ಕೆ ಹೋಗುತ್ತವೆ.

ಆದರೆ ಹದಿನೇಳಕ್ಕೆ ಆಡುವ ವಯಸ್ಸು ಮುಗಿಯುತ್ತದೆಯೇ? ಚೆಸ್ ಮಟ್ಟಿಗೆ ಇದು ನಿಜವಲ್ಲ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಅವರ ಹೆಸರು ಎಂ.ಎಸ್. ತೇಜ್‌ಕುಮಾರ್.

1988ರಲ್ಲಿ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕದವರೊಬ್ಬರಿಗೆ ಆ ಪಟ್ಟ ಸಿಗಲು ಮತ್ತೆ 29 ವರ್ಷ ಬೇಕಾಯಿತು. 2017ರಲ್ಲಿ ಅದನ್ನು ಪಡೆದ ಮೈಸೂರಿನ ತೇಜ್‌ಕುಮಾರ್ ಹುಟ್ಟಿದ್ದು 1981ರಲ್ಲಿ. ಅಂದರೆ ಆಗ ಅವರ ವಯಸ್ಸು 36. ಐದು ವರ್ಷಗಳ ನಂತರ, 2022ರಲ್ಲಿ, ಬೆಂಗಳೂರಿನ ಪ್ರಣವ್ ಆನಂದ್ 15ನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದರು. ಪತ್ರಿಕೆಗಳಿಗೆ ಹದಿನೈದರ ಹುಡುಗನೇ ದೊಡ್ಡ ಸುದ್ದಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಇಬ್ಬರಿಗೂ ಸಿಕ್ಕಿದ್ದು ಒಂದೇ ಪಟ್ಟ. ತಡವಾಗಿ ಬಂದವರಿಗೆ ಬೇರೆ, ಬೇಗ ಬಂದವರಿಗೆ ಬೇರೆ ಎಂಬ ಭೇದ ಅಲ್ಲಿಲ್ಲ.

ಆ ಪಟ್ಟ ಅಗ್ಗದ್ದೂ ಅಲ್ಲ. ಗ್ರ್ಯಾಂಡ್‌ಮಾಸ್ಟರ್ ಆಗಲು ಮೂರು 'ನಾರ್ಮ್' ಬೇಕು. ಸಾಮಾನ್ಯವಾಗಿ ಒಂಬತ್ತು ಸುತ್ತಿನ ಟೂರ್ನಿಯಲ್ಲಿ, ಗ್ರ್ಯಾಂಡ್‌ಮಾಸ್ಟರ್‌ಗಳೂ ಬೇರೆ ದೇಶದವರೂ ಇರುವ ಎದುರಾಳಿಗಳ ಮುಂದೆ, 2600 ರೇಟಿಂಗ್‌ನವರ ಮಟ್ಟಕ್ಕೆ ಆಡಿ ತೋರಿಸಿದರೆ ಒಂದು ನಾರ್ಮ್. ಮೂರೂ ಸೇರಿ ಕನಿಷ್ಠ 27 ಆಟಗಳಾಗಬೇಕು. ಜೊತೆಗೆ ಒಮ್ಮೆಯಾದರೂ ಸ್ವಂತ ರೇಟಿಂಗ್ 2500 ಮುಟ್ಟಬೇಕು. ಇಷ್ಟನ್ನೂ ಇಂಥ ವಯಸ್ಸಿನೊಳಗೆ ಮುಗಿಸಬೇಕು ಎಂಬ ನಿಯಮ ಮಾತ್ರ ಎಲ್ಲೂ ಇಲ್ಲ.

ಈ ಕಥೆಯನ್ನೆಲ್ಲ ಒಂದು ರಾತ್ರಿ ಊಟದ ಹೊತ್ತಿಗೆ ಅಮ್ಮಿಗೆ ಹೇಳಿದೆ. ನನ್ನ ವಾದ ಗೆದ್ದೇ ಬಿಟ್ಟಿತು ಅಂದುಕೊಂಡಿದ್ದೆ. ಅಮ್ಮಿ ರೊಟ್ಟಿ ಬಡಿಸುತ್ತ ಒಂದೇ ಪ್ರಶ್ನೆ ಕೇಳಿದರು: "ಅವರಿಗೆ ನೌಕರಿ ಇತ್ತೋ ಇಲ್ಲೋ?"

ಇತ್ತು. ತೇಜ್‌ಕುಮಾರ್ ನೈರುತ್ಯ ರೈಲ್ವೆಯ ಉದ್ಯೋಗಿ. ಅದರ ಪ್ರಧಾನ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲೇ, ಗದಗ ರಸ್ತೆಯ ರೈಲ್ ಸೌಧದಲ್ಲಿ. ನಮ್ಮಲ್ಲಿ ಎಷ್ಟೋ ಮಂದಿ ಬಸ್ಸಿನಲ್ಲಿ ಅದರ ಮುಂದೆಯೇ ಓಡಾಡುತ್ತೇವೆ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್‌ಗೂ ಆ ಕಟ್ಟಡಕ್ಕೂ ನಂಟಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅಮ್ಮಿಯ ಪ್ರಶ್ನೆ ನನ್ನನ್ನು ಇನ್ನೊಬ್ಬ ಆಟಗಾರನ ಕಡೆಗೆ ಕರೆದುಕೊಂಡು ಹೋಯಿತು. ಅವರು ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಬಾಲ್ಯದಲ್ಲಿ ಅವರು ಕಲಿತದ್ದು ನಮ್ಮ ದೇಶಿ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತದೆ. ಈಗಿನ ಕ್ಯಾಸ್ಲಿಂಗ್ ಅದರಲ್ಲಿಲ್ಲ. ಜಮೀನ್ದಾರ್ ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿ ಪಾಶ್ಚಾತ್ಯ ನಿಯಮಗಳನ್ನು ಕಲಿತು, 1929ರಲ್ಲಿ ಅವರೊಂದಿಗೆ ಇಂಗ್ಲೆಂಡಿಗೆ ಹೋದರು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು.

ಅವರ ಆಟದ ರೀತಿ ನನಗೆ ಬಹಳ ಇಷ್ಟ. ಆರಂಭದ ನಡೆಗಳ ಪುಸ್ತಕಜ್ಞಾನ ಅವರಲ್ಲಿ ಕಡಿಮೆ. ಮೊದಲ ಹತ್ತು ಹದಿನೈದು ನಡೆಗಳಲ್ಲಿ ಎದುರಾಳಿಯೇ ಮುಂದಿರುವಂತೆ ಕಾಣುತ್ತಿತ್ತು. ಆದರೆ ಅವರು ಗಾಬರಿಯಾಗುತ್ತಿರಲಿಲ್ಲ. ಕಾಯುತ್ತಿದ್ದರು, ಕಾಯಿಗಳನ್ನು ಒಂದೊಂದಾಗಿ ಸರಿಯಾದ ಮನೆಗೆ ತರುತ್ತಿದ್ದರು. ಮಣೆಯ ಮೇಲೆ ಕಾಯಿಗಳು ಕಡಿಮೆಯಾಗಿ ಆಟ ಕೊನೆಯ ಹಂತಕ್ಕೆ ಬಂದಾಗ ಅವರನ್ನು ಹಿಡಿಯುವುದು ಕಷ್ಟವಾಗುತ್ತಿತ್ತು. ಹಿಂದೆ ಬಿದ್ದು ಶುರುಮಾಡಿದವನು ಕೊನೆಯಲ್ಲಿ ಗೆಲ್ಲಬಹುದು ಎಂಬುದನ್ನು ಅವರು ಮತ್ತೆ ಮತ್ತೆ ತೋರಿಸಿದರು.

ಆದರೆ ಅವರ ಬದುಕಿನ ಆಟ ಹಾಗೆ ನಡೆಯಲಿಲ್ಲ. 1933ರ ಕೊನೆಗೆ ಆಶ್ರಯದಾತರ ಜೊತೆ ಊರಿಗೆ ಮರಳಿದರು. ಮತ್ತೆ ಯುರೋಪಿನ ಟೂರ್ನಿಗಳಿಗೆ ಹೋಗಲಿಲ್ಲ. ಫಿಡೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಡಲು ಶುರುಮಾಡಿದ್ದು 1950ರಲ್ಲಿ. ಸುಲ್ತಾನ್ ಖಾನ್ 1966ರಲ್ಲಿ ತೀರಿಕೊಂಡರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಅವರ ಹೆಸರಿಗೆ ಬಂದದ್ದು 2024ರಲ್ಲಿ, ಅವರು ಹೋಗಿ ಸುಮಾರು 58 ವರ್ಷಗಳಾದ ಮೇಲೆ.

ಇಬ್ಬರಿಗೂ ಪಟ್ಟ ತಡವಾಗಿಯೇ ಬಂತು. ಒಬ್ಬರು ಅದನ್ನು ಕೈಯಾರೆ ಪಡೆದರು, ಇನ್ನೊಬ್ಬರಿಗೆ ಆ ಭಾಗ್ಯ ಸಿಗಲಿಲ್ಲ. ಪ್ರತಿಭೆಯಲ್ಲಿ ಸುಲ್ತಾನ್ ಖಾನ್ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅವರು ಎಲ್ಲಿ ಆಡಬೇಕು, ಎಷ್ಟು ದಿನ ಆಡಬೇಕು ಎಂಬುದು ಮತ್ತೊಬ್ಬರ ಪ್ರಯಾಣಕ್ಕೆ ಅಂಟಿಕೊಂಡಿತ್ತು. ತೇಜ್‌ಕುಮಾರ್ ಅವರಿಗೆ ತಮ್ಮದೇ ಸಂಬಳ, ತಮ್ಮದೇ ನೆಲೆ ಇತ್ತು. ಹಾಗಾಗಿ ಅಮ್ಮಿ ಹೇಳುವುದು ಅರ್ಧ ಸರಿ: ಓದು ಬೇಕು, ಸ್ವಂತ ಕಾಲ ಮೇಲೆ ನಿಲ್ಲಬೇಕು. ನಾನು ಹೇಳುವುದು ಇನ್ನರ್ಧ: ಆ ನೆಲೆ ಸಿಗುವ ತನಕ ಆಟವನ್ನು ಪೂರ್ತಿ ನಿಲ್ಲಿಸಿಬಿಟ್ಟರೆ, ಸಿಕ್ಕ ಮೇಲೆ ಮುಂದುವರಿಸಲು ಏನೂ ಉಳಿದಿರುವುದಿಲ್ಲ.

ಶತರಂಜ್ ಎಂದರೇ ಮುಖ ಗಂಟಿಕ್ಕುವ ಹಿರಿಯರೂ ನಮ್ಮಲ್ಲಿದ್ದಾರೆ. ಈ ಬಗ್ಗೆ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನ ಅಭಿಪ್ರಾಯಗಳಿವೆ. ಆದರೆ ಪಣ ಕಟ್ಟಬಾರದು, ಆಟದ ಗುಂಗಿನಲ್ಲಿ ನಮಾಜನ್ನೂ ಕರ್ತವ್ಯವನ್ನೂ ಮರೆಯಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಈ ಎಚ್ಚರಿಕೆ ನಮಗೆ ಬೇಕಾದದ್ದೇ. ನಿಜ ಹೇಳಬೇಕೆಂದರೆ ನಮ್ಮ ಹೊತ್ತನ್ನು ತಿನ್ನುತ್ತಿರುವುದು ಬೋರ್ಡ್ ಅಲ್ಲ, ಫೋನಿನ ಮೂರು ನಿಮಿಷದ ಆಟ. ಸೋತ ಕೂಡಲೇ ಇನ್ನೊಂದು, ಗೆದ್ದರೆ ಮತ್ತೊಂದು. ಯಾಕೆ ಸೋತೆವೆಂದು ಒಂದು ನಿಮಿಷವೂ ಯೋಚಿಸುವುದಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಹೀಗೆ ಆಡಿ ಬೆಳಿಗ್ಗೆ ಫಿಸಿಕ್ಸ್ ಪೀರಿಯಡ್‌ನಲ್ಲಿ ತೂಕಡಿಸಿದವರಲ್ಲಿ ನಾನೂ ಒಬ್ಬಳು. ಇಂಥ ಆಟದಿಂದ ಸುಲ್ತಾನ್ ಖಾನರ ತಾಳ್ಮೆ ಬರುವುದಿಲ್ಲ.

ಅದಕ್ಕೇ ನನ್ನದೊಂದು ಸಲಹೆ. ನಮ್ಮ ಕಾಲೇಜಿನಲ್ಲಿ ಶನಿವಾರ ತರಗತಿ ಬಿಟ್ಟ ಮೇಲೆ ಒಂದು ಗಂಟೆ, ಲೈಬ್ರರಿಯ ಪಕ್ಕದ ಕೋಣೆಯಲ್ಲಿ ನಾಲ್ಕು ಬೋರ್ಡ್ ಹಾಕಲಿ. ಫೋನ್ ಬ್ಯಾಗಿನಲ್ಲಿರಲಿ. ಪ್ರತಿ ನಡೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯೋಣ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಕೂತು ಎಲ್ಲಿ ತಪ್ಪಿತೆಂದು ನೋಡೋಣ. ವರ್ಷಕ್ಕೊಮ್ಮೆಯಾದರೂ ಇಬ್ಬರನ್ನು ರೇಟಿಂಗ್ ಟೂರ್ನಿಗೆ ಕಳಿಸೋಣ. ಇದಕ್ಕೆ ಲಕ್ಷಗಟ್ಟಲೆ ಖರ್ಚಿಲ್ಲ.

ನಾಲ್ಕರಲ್ಲಿ ಎರಡು ಬೋರ್ಡ್ ಹುಡುಗಿಯರಿಗೆ ಇರಲಿ. ಸುಲ್ತಾನ್ ಖಾನ್ ಮೂರನೇ ಸಲ ಬ್ರಿಟಿಷ್ ಚಾಂಪಿಯನ್ ಆದ 1933ರಲ್ಲೇ, ಅದೇ ಜಮೀನ್ದಾರರ ಪರಿವಾರದ ಜೊತೆ ಹೋಗಿದ್ದ ಫಾತಿಮಾ ಎಂಬ ಹೆಣ್ಣುಮಗಳು ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು. ಆ ಹೆಸರನ್ನು ನಮಗೆ ಯಾರೂ ಹೇಳಿರಲಿಲ್ಲ. ಈಗ ನಾನು ನಿಮಗೆ ಹೇಳಿದ್ದೇನೆ.

ನಮ್ಮ ಮನೆಯ ಬೋರ್ಡ್ ಹೋದ ತಿಂಗಳು ಕೆಳಗಿಳಿಯಿತು. ಅಮ್ಮಿಯ ಷರತ್ತು ಎರಡು: ಭಾನುವಾರ ಮಾತ್ರ, ಅದೂ ಗಣಿತದ ಲೆಕ್ಕಗಳು ಮುಗಿದ ಮೇಲೆ. ಒಪ್ಪಿದ್ದೇನೆ. ಎದುರಿಗೆ ಕೂರುವವರು ಅಬ್ಬಾ. ಅವರು ಆನೆಯನ್ನು ಬಹಳ ಬೇಗ ಹೊರಗೆ ತರುತ್ತಾರೆ. ಅಮ್ಮಿ ಅಡುಗೆಮನೆಯಿಂದಲೇ ಕೂಗುತ್ತಾರೆ, "ಯಾರು ಗೆದ್ದರು?"

- ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ