ಕಿಸೆಯ ಸಂಗೀತಪೆಟ್ಟಿಗೆ: ಸುಖ ಕಿವಿಗೆ, ಬಾಕಿ ಮಣ್ಣಿಗೆ

ಬೆಂಕಿಪೊಟ್ಟಣದಷ್ಟು ಗಾತ್ರದ ಯಂತ್ರವೊಂದು ಸಾವಿರಾರು ಹಾಡುಗಳನ್ನು ಹೊತ್ತು ಅಂಗಿಯ ಕಿಸೆಯಲ್ಲಿ ಓಡಾಡುವುದು ಇಂದು ಯಾರಿಗೂ ಬೆರಗಿನ ಸಂಗತಿಯಲ್ಲ. ತೋಟಕ್ಕೆ ಹೊರಟ ತರುಣನ ಕಿವಿಯಲ್ಲಿ ಇಯರ್‌ಫೋನ್, ಅಡುಗೆಮನೆಯ ಕಿಟಕಿಯಲ್ಲಿ ಮೆಮೊರಿ ಕಾರ್ಡ್ ಹಾಕಿದ ಪುಟ್ಟ ಹಾಡಿನ ಪೆಟ್ಟಿಗೆ ಮಲೆನಾಡಿನ ಹಳ್ಳಿಗಳಲ್ಲಿಯೂ ಸಾಮಾನ್ಯ ನೋಟಗಳಾಗಿವೆ. ಇಂಥ ಸಾಧನವನ್ನು ಕೊಳ್ಳಬೇಕೆ ಬೇಡವೆ ಎಂಬುದನ್ನು ಹೆಚ್ಚಿನವರು ಬೆಲೆಯನ್ನೂ ಧ್ವನಿಯ ಗುಣವನ್ನೂ ನೋಡಿ ತೀರ್ಮಾನಿಸುತ್ತಾರೆ. ಅದು ಎಲ್ಲಿಂದ ಬಂತು, ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿಕೊಂಡರೆ ಲೆಕ್ಕ ಬೇರೆಯಾಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಬದುಕುವವರಿಗಂತೂ ಎರಡನೆಯ ಪ್ರಶ್ನೆ ಮನೆಯಂಗಳದ್ದೇ ಆಗಿದೆ.

ನಡೆದಾಡುತ್ತ ಸಂಗೀತ ಕೇಳುವ ಅಭ್ಯಾಸವನ್ನು ಜಗತ್ತಿಗೆ ಹಿಡಿಸಿದ್ದು 1979ರಲ್ಲಿ ಜಪಾನಿನ ಸೋನಿ ಕಂಪನಿ ಹೊರತಂದ ಕ್ಯಾಸೆಟ್ ವಾಕ್‌ಮನ್. ಮುಂದೆ ರೂಪುಗೊಂಡ ಎಂಪಿ3 ತಂತ್ರದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರ ಪಾತ್ರ ದೊಡ್ಡದು. ಮನುಷ್ಯನ ಕಿವಿ ಅಷ್ಟಾಗಿ ಗುರುತಿಸಲಾರದ ವಿವರಗಳನ್ನು ಕೈಬಿಟ್ಟು, ಸಿ.ಡಿ.ಯ ಧ್ವನಿಯನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಕುಗ್ಗಿಸುವುದು ಅದರ ಗುಟ್ಟು. ಇದನ್ನು ನುಡಿಸುವ ಕೈಪೆಟ್ಟಿಗೆಗಳು 1998ರಲ್ಲಿ ಮಾರುಕಟ್ಟೆಗೆ ಬಂದವು. 2001ರ ಅಕ್ಟೋಬರಿನಲ್ಲಿ ಬಂದ ಐಪಾಡ್ 5 ಗಿಗಾಬೈಟ್ ಸ್ಥಳದಲ್ಲಿ ಸಾವಿರ ಹಾಡುಗಳನ್ನು ತುಂಬಿಕೊಂಡು ಮನೆಮಾತಾಯಿತು. 2022ರ ಮೇ ತಿಂಗಳಿನಲ್ಲಿ ಅದೇ ಕಂಪನಿ ಆ ಸರಣಿಗೆ ಮಂಗಳ ಹಾಡಿತು. ಈಗ ಆ ಕೆಲಸದ ಬಹುಪಾಲನ್ನು ಮೊಬೈಲ್ ಫೋನ್ ವಹಿಸಿಕೊಂಡಿದೆ. ಆದರೂ ಬರಿಯ ಹಾಡಿಗೆಂದೇ ಇರುವ ಪೆಟ್ಟಿಗೆಗಳು ಸಂತೆಯಿಂದ ಶೋರೂಮಿನವರೆಗೆ ಇನ್ನೂ ಮಾರಾಟವಾಗುತ್ತಿವೆ.

ಜಮೆಯ ಬದಿ

ಈ ಸಾಧನದ ಉಪಯೋಗಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋಗಿ, ಅದರ ಹಿಂದೆಯೇ ಮೊಬೈಲ್ ಗೋಪುರವೂ ಮೌನವಾಗುವ ಊರುಗಳಲ್ಲಿ ಅಂತರ್ಜಾಲದಿಂದ ಹರಿದುಬರುವ ಸಂಗೀತಕ್ಕೆ ಅರ್ಥವಿಲ್ಲ. ಪೆಟ್ಟಿಗೆಯಲ್ಲಿ ತುಂಬಿಟ್ಟ ಹಾಡಿಗೆ ಗೋಪುರ ಬೇಡ, ಮಾಸಿಕ ಬಾಡಿಗೆಯೂ ಬೇಡ. ಚಂದಾ ನಿಂತೊಡನೆ ಮಾಯವಾಗುವ ಹಾಡಿಗೂ, ಸ್ವಂತ ಕಾರ್ಡಿನಲ್ಲಿ ಉಳಿಯುವ ಹಾಡಿಗೂ ಗೇಣಿಯ ಗದ್ದೆಗೂ ಹಕ್ಕಿನ ಗದ್ದೆಗೂ ಇರುವಷ್ಟು ಅಂತರವಿದೆ. ಒಂದೇ ಕೆಲಸಕ್ಕೆ ಮೀಸಲಾದ ಯಂತ್ರವಾದ್ದರಿಂದ ಕರೆ, ಸಂದೇಶ, ಜಾಹೀರಾತುಗಳ ಕಾಟವಿಲ್ಲ. ಮೊಬೈಲಿನ ಗೋಜಲು ಒಗ್ಗದ ಹಿರಿಯರೂ ನಾಲ್ಕು ಗುಂಡಿಗಳನ್ನು ಸುಲಭವಾಗಿ ಒತ್ತಬಲ್ಲರು.

ಮಲೆನಾಡಿನ ಥಂಡಿಯಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಹಾಡು ಕೆಡುತ್ತಿದ್ದುದನ್ನು ಹಳಬರು ಮರೆತಿರಲಾರರು. ಸಾಧಾರಣ ಗುಣಮಟ್ಟದ ಎಂಪಿ3 ಧ್ವನಿಗೆ ನಿಮಿಷಕ್ಕೆ ಸುಮಾರು ಒಂದು ಮೆಗಾಬೈಟ್ ಸ್ಥಳ ಸಾಕು. ಅಂದರೆ ಉಗುರಿನಷ್ಟಿರುವ 8 ಗಿಗಾಬೈಟ್ ಕಾರ್ಡಿನಲ್ಲಿ ಒಂದು ತಾಸಿನ 130ಕ್ಕೂ ಹೆಚ್ಚು ಕ್ಯಾಸೆಟ್ಟುಗಳ ಸರಕು ಅಡಗುತ್ತದೆ. ಅಷ್ಟು ಪ್ಲಾಸ್ಟಿಕ್ ಉಳಿತಾಯವಾಯಿತೆಂಬ ವಾದದಲ್ಲಿ ಹುರುಳಿದೆ.

ಧ್ವನಿ ಮುದ್ರಿಸುವ ಸೌಲಭ್ಯವುಳ್ಳ ಪೆಟ್ಟಿಗೆಗಳಿಗೆ ಇನ್ನೂ ಒಂದು ಬೆಲೆಯಿದೆ. ಸಸಿ ನೆಡುವಾಗಿನ ಹಾಡುಗಳನ್ನು ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರ ದನಿಯನ್ನು ಹಿಡಿದಿಡಲು ಸ್ಟುಡಿಯೋ ಬೇಕಿಲ್ಲ. ಕಾಡಿನ ಅಧ್ಯಯನಕ್ಕೂ ಕಿವಿ ಮುಖ್ಯ ಸಾಧನ. ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ ಉತ್ತರ ಕನ್ನಡದ ಕಾಡುಗಳಿಂದ 2014ರಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಕ್ಕೆ ಪರಿಚಯವಾಯಿತು. ಇರುಳಿನ ಹಳ್ಳದಲ್ಲಿ ಕುಳಿತ ಇಂಥ ಜೀವಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕಪ್ಪೆಯ ಕೂಗನ್ನು ದಿನಾಂಕ, ಸ್ಥಳಗಳೊಡನೆ ದಾಖಲಿಸಿಡುವ ಹೈಸ್ಕೂಲ್ ಹುಡುಗನೊಬ್ಬ ಜೀವವೈವಿಧ್ಯದ ಕೆಲಸಕ್ಕೆ ಕಡಿಮೆಯಲ್ಲದ ನೆರವು ನೀಡಬಲ್ಲ.

ಕಿವಿಯ ಖರ್ಚು

ಇನ್ನು ಖರ್ಚಿನ ಬದಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ತಾಸುಗಳಷ್ಟು ಕಾಲ 80 ಡೆಸಿಬಲ್ ಮಟ್ಟದ ಧ್ವನಿಯನ್ನು ಕೇಳಬಹುದು. ಡೆಸಿಬಲ್ಲಿನ ಲೆಕ್ಕ ಮೆಟ್ಟಿಲಿನಂತೆ ಏರುವಂಥದಲ್ಲ, ಮಡಿಮಡಿಯಾಗಿ ಏರುತ್ತದೆ. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್ಲಿಗೆ ವಾರಕ್ಕೆ ನಾಲ್ಕೇ ತಾಸು, 100 ಡೆಸಿಬಲ್ಲಿಗೆ ಇಪ್ಪತ್ತು ನಿಮಿಷ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೃಷಿಕರಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ಕಳೆ ಕೊಚ್ಚುವ ಯಂತ್ರದ ಸದ್ದು ಅದನ್ನು ಹಿಡಿದವನ ಕಿವಿಯಲ್ಲಿ ಸಾಮಾನ್ಯವಾಗಿ 90 ಡೆಸಿಬಲ್ ಮೀರಿರುತ್ತದೆ. ಬೇಸರ ಕಳೆಯಲೆಂದು ಇಯರ್‌ಫೋನ್ ಸಿಕ್ಕಿಸಿಕೊಂಡವನು ಯಂತ್ರದ ಸದ್ದನ್ನು ಮೀರಿಸುವಂತೆ ಹಾಡಿನ ಧ್ವನಿಯನ್ನು ಏರಿಸುತ್ತಾನೆ. ಕಿವಿಗೆ ರಕ್ಷಣಾ ಕವಚ ಬೇಕಾದ ಜಾಗದಲ್ಲಿ ಮತ್ತೊಂದು ಹೊಡೆತ ಬೀಳುತ್ತದೆ.

ಮುಚ್ಚಿದ ಕಿವಿಗೆ ಊರು, ಕಾಡು ಎರಡೂ ದೂರ. ಸಕಲೇಶಪುರ, ಆಲೂರು, ಕೊಡಗಿನ ಕಾಫಿ ತೋಟಗಳ ನಡುವೆ ನಡೆಯುವವರಿಗೆ ಬಿದಿರು ಮುರಿಯುವ ಸದ್ದು ಜೀವ ಉಳಿಸುವ ಸೂಚನೆ. ಮಂಗನನ್ನು ಕಾಯಲು ತೋಟಕ್ಕೆ ಹೋದವರು ಹಾಡಿನಲ್ಲಿ ಮುಳುಗಿದರೆ ಎಳೆಗಾಯಿಗಳು ನೆಲದ ಮೇಲಿರುತ್ತವೆ. ಮಂಗಟ್ಟೆ ಹಕ್ಕಿ ನೆತ್ತಿಯ ಮೇಲೆ ಹಾದುಹೋದುದನ್ನು ರೆಕ್ಕೆಯ ಸದ್ದಿನಿಂದಲೇ ಅರಿಯುತ್ತಿದ್ದ ಸೀಮೆಯಲ್ಲಿ ಮಕ್ಕಳಿಗೆ ಆ ಸದ್ದಿನ ಪರಿಚಯವೇ ಇಲ್ಲದಂತಾದರೆ, ಮುಂದೊಂದು ದಿನ ಆ ಹಕ್ಕಿ ಇಲ್ಲವಾದುದೂ ಅವರಿಗೆ ತಿಳಿಯದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಸಾಲಿನ ನಡುವೆ ಇಟ್ಟ ಒಂದು ರೇಡಿಯೋ ಹತ್ತು ಮಂದಿಗೆ ಹಾಡು ಕೇಳಿಸುತ್ತಿತ್ತು, ಹತ್ತು ಮಂದಿಯನ್ನು ಮಾತಿಗೂ ಎಳೆಯುತ್ತಿತ್ತು. ಹತ್ತು ಜನಕ್ಕೆ ಹತ್ತು ಪೆಟ್ಟಿಗೆ, ಇಪ್ಪತ್ತು ಇಯರ್‌ಫೋನ್ ಗುಂಡಿಗಳಾದಾಗ ಸಾಮಗ್ರಿಯ ಬಳಕೆ ಹತ್ತುಪಟ್ಟಾಗಿ, ಮಾತು ಶೂನ್ಯಕ್ಕಿಳಿಯುತ್ತದೆ.

ಬ್ಯಾಟರಿಯ ಆಯುಷ್ಯ

ಹಾಡಿನ ಪೆಟ್ಟಿಗೆ ನುಂಗುವ ವಿದ್ಯುತ್ ಅತ್ಯಲ್ಪ. ಅದರ ಪರಿಸರ ಹೊರೆಯ ಬಹುಪಾಲು ಅಂಗಡಿಗೆ ಬರುವ ಮೊದಲೇ, ಗಣಿಯಲ್ಲಿ ಮತ್ತು ಕಾರ್ಖಾನೆಯಲ್ಲಿ, ಸಂದಾಯವಾಗಿರುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೆ ಬಳಕೆಯಾಗುವ ಕೋಬಾಲ್ಟಿನ ಅತಿ ದೊಡ್ಡ ಮೂಲ ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುತ್ತಿದ್ದುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರ ವರದಿಯಲ್ಲಿ ಬಯಲಿಗೆ ತಂದಿತು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ನಿಲ್ಲುವ ತನಕ ಭದ್ರೆ ಹೊತ್ತ ಹೂಳನ್ನು ಕಂಡವರಿಗೆ, ಇನ್ನೊಬ್ಬರ ಸೌಕರ್ಯಕ್ಕೆ ಗುಡ್ಡ ತೆರುವ ಬೆಲೆ ಏನೆಂದು ವಿವರಿಸಬೇಕಿಲ್ಲ.

ಈ ಬ್ಯಾಟರಿ ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ಸೊರಗುತ್ತದೆ. ಅದನ್ನು ಬದಲಿಸಲು ಬರುವಂತಿದ್ದರೆ ಪೆಟ್ಟಿಗೆ ಹತ್ತು ವರ್ಷ ಬಾಳೀತು. ಅಂಟು ಹಾಕಿ ಒಳಗೆ ಮುದ್ರೆಯೊತ್ತಿದ್ದರೆ ಬ್ಯಾಟರಿಯ ಸಾವೇ ಯಂತ್ರದ ಸಾವು. ಐಪಾಡಿನ ಬ್ಯಾಟರಿಯ ಕುರಿತು ಅಮೆರಿಕದ ಗ್ರಾಹಕರು ಹೂಡಿದ ದಾವೆ 2005ರಲ್ಲಿ ರಾಜಿಯಲ್ಲಿ ಮುಗಿಯಿತು. ಗ್ರೀನ್‌ಪೀಸ್ 2006ರಲ್ಲಿ ಆರಂಭಿಸಿದ ಚಳವಳಿಯ ಬಿಸಿ ತಟ್ಟಿ, ಅದೇ ಕಂಪನಿ 2007ರಲ್ಲಿ ಪಿವಿಸಿ ಹಾಗೂ ಬ್ರೋಮಿನ್‌ಯುಕ್ತ ಅಗ್ನಿನಿರೋಧಕಗಳನ್ನು ಕೈಬಿಡುವ ವಾಗ್ದಾನ ನೀಡಿತು. ಕೊಳ್ಳುವವರು ಕೇಳಿದರೆ ತಯಾರಕರು ಕಿವಿಗೊಡುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅಂಕಿಗಳಿವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತು ಬಿಸುಟ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದು ಶೇ. 22.3 ಮಾತ್ರ.

ಹುಳಿಮಣ್ಣಿನ ಲೆಕ್ಕ

ಮಲೆನಾಡಿನ ಮನೆಗಳಲ್ಲಿ ಕೆಟ್ಟ ಪೆಟ್ಟಿಗೆಯ ಮುಂದಿನ ದಾರಿ ಮೂರೇ: ಅಟ್ಟ, ಹಳ್ಳದ ದಂಡೆ ಅಥವಾ ಬಚ್ಚಲ ಒಲೆ. ಮೂರರಲ್ಲಿ ಅಟ್ಟವೇ ಲೇಸು. ಒಲೆಗೆ ಬಿದ್ದ ಪಿವಿಸಿಯೂ ಅಗ್ನಿನಿರೋಧಕಗಳೂ ಸುಡುವಾಗ ಡಯಾಕ್ಸಿನ್ ಬಗೆಯ ವಿಷಗಳು ಹುಟ್ಟುತ್ತವೆ. ಬ್ಯಾಟರಿ ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಅನಿಲ ಹೊಮ್ಮುತ್ತದೆ, ಸಿಡಿಯುವ ಭಯವೂ ಇದೆ. ಒಲೆಯ ಬೂದಿ ಗೊಬ್ಬರಗುಂಡಿಗೆ, ಗುಂಡಿಯ ಗೊಬ್ಬರ ತೋಟಕ್ಕೆ ಹೋಗುವುದು ಇಲ್ಲಿನ ಅನುದಿನದ ಕ್ರಮ. ಲೋಹ ಸುಟ್ಟು ನಾಶವಾಗುವುದಿಲ್ಲ. ಬೂದಿಯಲ್ಲಿ ಉಳಿದು ಅದೇ ದಾರಿ ಹಿಡಿಯುತ್ತದೆ.

ಇಲ್ಲಿ ಮಣ್ಣಿನ ಗುಣವನ್ನೂ ಗಮನಿಸಬೇಕು. ವರ್ಷಕ್ಕೆ 2000 ಮಿ.ಮೀ. ಮೀರಿ ಸುರಿಯುವ ಮಳೆ ಜಂಬಿಟ್ಟಿಗೆ ಮಣ್ಣಿನ ಸುಣ್ಣ, ಮೆಗ್ನೀಷಿಯಂ ಅಂಶಗಳನ್ನು ತೊಳೆದೊಯ್ದು ಹುಳಿಯನ್ನು ಉಳಿಸಿದೆ. ಹುಳಿ ಹೆಚ್ಚಿದಷ್ಟೂ ನಿಕ್ಕಲ್, ಕೋಬಾಲ್ಟ್, ತಾಮ್ರಗಳು ನೀರಿನಲ್ಲಿ ಸುಲಭವಾಗಿ ಕರಗಿ ಬೇರಿನತ್ತ, ಹಳ್ಳದತ್ತ ಚಲಿಸುತ್ತವೆ. ಸುಣ್ಣದಂಶ ಹೆಚ್ಚಿರುವ ಬಯಲುಸೀಮೆಯ ಕಪ್ಪುಮಣ್ಣಿನಲ್ಲಿ ಹಿಡಿದು ನಿಲ್ಲುವ ಲೋಹ ಇಲ್ಲಿ ಕಾಲು ಕೀಳುತ್ತದೆ. ಹಳೆಯ ಸಾಧನಗಳ ಬೆಸುಗೆಯಲ್ಲಿರುವ ಸೀಸ ಅಷ್ಟು ಬೇಗ ಕದಲದಿದ್ದರೂ ಮೇಲ್ಮಣ್ಣಿನಲ್ಲಿ ತಲೆಮಾರುಗಟ್ಟಲೆ ಉಳಿಯುತ್ತದೆ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವನ್ನು ಅಡಿಕೆ ತೋಟದ ಮಣ್ಣು ಈಗಾಗಲೇ ಹೊತ್ತಿದೆ. ಒಂದು ಪೆಟ್ಟಿಗೆಯ ಕೆಲವೇ ಗ್ರಾಂ ಲೋಹದಿಂದ ಕಣಿವೆ ಹಾಳಾಗದು, ನಿಜ. ಆದರೆ ಹಾಡಿನ ಪೆಟ್ಟಿಗೆಯ ಹಿಂದೆ ಮೊಬೈಲ್, ಟಾರ್ಚು, ಮಕ್ಕಳ ಆಟಿಕೆಗಳು ಅದೇ ಗುಂಡಿಗೆ ಬರುತ್ತಿವೆ. ಗುಂಡಿ ಮೇಲೆ, ತೋಟ ಕೆಳಗೆ, ಬಾವಿ ಅದಕ್ಕೂ ಕೆಳಗೆ ಇರುವ ನೆಲವಿನ್ಯಾಸದಲ್ಲಿ ಎಲ್ಲದರ ಮೊತ್ತ ಇಳಿಯುವುದು ಕುಡಿಯುವ ನೀರಿನ ಕಡೆಗೆ.

ಆಗಬೇಕಾದುದು

ಭಾರತದ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲಿನಿಂದ ಜಾರಿಯಲ್ಲಿವೆ. ಮೊದಲು 21ರಷ್ಟಿದ್ದ ಉಪಕರಣಗಳ ಪಟ್ಟಿ 106ಕ್ಕೆ ಏರಿದೆ. ಮರುಬಳಕೆಯ ಹೊಣೆ ತಯಾರಕರದು. ಬ್ಯಾಟರಿಗಳಿಗೆ ಪ್ರತ್ಯೇಕ ನಿಯಮಗಳೂ 2022ರಲ್ಲಿ ಬಂದಿವೆ. ಕಾಗದದ ಮೇಲಿನ ಈ ಹೊಣೆ ಘಟ್ಟ ಹತ್ತಿ ಹೋಬಳಿ ಕೇಂದ್ರದವರೆಗೆ ಬರುವುದು ಬಾಕಿಯಿದೆ. ಹಳೆಯ ಬ್ಯಾಟರಿಯೊಂದನ್ನು ಒಪ್ಪಿಸಲು ರೈತ ದೂರದ ನಗರಕ್ಕೆ ಹೋಗಬೇಕೆಂದರೆ ಅವನು ಹೋಗುವುದಿಲ್ಲ. ಅಡಿಕೆ ಮಾರಲು, ಗೊಬ್ಬರ ಒಯ್ಯಲು ಅವನು ಹೇಗೂ ಬರುವ ಸಹಕಾರ ಸಂಘದ ಬಾಗಿಲಿನಲ್ಲಿ ಒಂದು ಒಣ ಡಬ್ಬಿಯನ್ನಿಟ್ಟು, ವರ್ಷಕ್ಕೆರಡು ಬಾರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕೃತಗೊಂಡ ಮರುಬಳಕೆದಾರರಿಗೆ ಸಾಗಿಸುವುದು ಕಷ್ಟವೇನಲ್ಲ. ಸಾಗಾಟದ ವೆಚ್ಚವನ್ನು ತಯಾರಕರಿಂದ ಪಡೆಯಲು ಗ್ರಾಮ ಪಂಚಾಯಿತಿಗಳು ಒತ್ತಾಯಿಸಬೇಕು.

ಕೊಳ್ಳುವವರ ಪಾಲಿಗೂ ಕೆಲಸವಿದೆ. ಮನೆಯಲ್ಲಿ ಹಾಡು ನುಡಿಸುವ ಸಾಧನ ಒಂದಿದ್ದರೆ ಇನ್ನೊಂದು ಬೇಡ. ಕೊಳ್ಳಲೇಬೇಕಾದರೆ ಬ್ಯಾಟರಿ ಬದಲಿಸಲು ಬರುವುದೆ ಎಂದು ಅಂಗಡಿಯಲ್ಲಿ ಕೇಳಬೇಕು; ಬಾರದಿದ್ದರೆ ಹಿಂದಿರುಗಿಸಬೇಕು. ಸ್ಪೀಕರ್ ಇರುವ ಪೆಟ್ಟಿಗೆ ಇಡೀ ಮನೆಗೆ ಒಂದು ಸಾಕು. ಕಾಡಿನ ದಾರಿಯಲ್ಲಿ, ಯಂತ್ರ ಹಿಡಿದ ಕೈಯಲ್ಲಿ ಇಯರ್‌ಫೋನ್ ವರ್ಜ್ಯ. ಕೆಟ್ಟುದನ್ನು ಡಬ್ಬಿ ಬರುವ ತನಕ ಅಟ್ಟದ ಒಣ ಮೂಲೆಯಲ್ಲಿ, ಒಲೆಯಿಂದ ದೂರವಿಡಬೇಕು. ಈ ಸಲದ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಯಾರಾದರೊಬ್ಬ ಸದಸ್ಯರು ಎದ್ದು ನಿಂತು ಆ ಡಬ್ಬಿಯ ಮಾತೆತ್ತಿದರೆ ಕೆಲಸ ಅಲ್ಲಿಂದ ಆರಂಭವಾಗುತ್ತದೆ.