ಎರಡನೇ ಪ್ರತಿ ಎಲ್ಲಿದೆ?

ಫ್ರಾನ್ಸ್ ಬಾಟಿ ಕುರ್ತಾಜ್ ಎಂಬ ಫ್ರೆಂಚ್ ಕಂಪನಿ ತನ್ನ ಜಾಲತಾಣವನ್ನು ಒವಿಎಚ್ ಎಂಬ ಹೋಸ್ಟಿಂಗ್ ಸಂಸ್ಥೆಯ ಸರ್ವರಿನಲ್ಲಿ ಇರಿಸಿತ್ತು. ಏನಾದರೂ ಎಡವಟ್ಟಾದೀತು ಎಂಬ ಮುಂದಾಲೋಚನೆಯಿಂದ ಬ್ಯಾಕಪ್ ಸೇವೆಗೂ ಪ್ರತ್ಯೇಕವಾಗಿ ಹಣ ಕಟ್ಟಿತ್ತು. ಬ್ಯಾಕಪ್ ಪ್ರತಿ ಮೂಲ ಸರ್ವರಿನಿಂದ ಭೌತಿಕವಾಗಿ ಬೇರೆಯಾಗಿರುತ್ತದೆ ಎಂದು ಒಪ್ಪಂದದಲ್ಲೇ ಬರೆದಿತ್ತು. 2021ರ ಮಾರ್ಚ್ 10ರಂದು, ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ, ಸ್ಟ್ರಾಸ್‌ಬರ್ಗ್ ನಗರದ ರೈನ್ ನದಿಯ ದಂಡೆಯಲ್ಲಿದ್ದ ಒವಿಎಚ್ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ವರ್ ಸುಟ್ಟಿತು, ಬ್ಯಾಕಪ್ಪೂ ಸುಟ್ಟಿತು. ಎರಡೂ ಒಂದೇ ಕಟ್ಟಡದಲ್ಲಿದ್ದವು.

ಡೇಟಾ ಸೆಂಟರಿನ ವಿಶ್ವಾಸಾರ್ಹತೆಯ ಬಗ್ಗೆ ಮಾತು ಬಂದಾಗಲೆಲ್ಲ ಯಂತ್ರಗಳ ಬಲವನ್ನೇ ಲೆಕ್ಕ ಹಾಕುವುದು ರೂಢಿ: ಎಷ್ಟು ಜನರೇಟರ್, ಎಷ್ಟು ಯುಪಿಎಸ್, ಎಷ್ಟು ವೇಗದ ಸಂಪರ್ಕ. ಕಳೆದ ಕೆಲವು ವರ್ಷಗಳ ದೊಡ್ಡ ಅವಘಡಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದು ಬೇರೆಯೇ. ಯಂತ್ರ ಕೆಡುವುದು ಸಹಜ, ಅದಕ್ಕೆ ಎಲ್ಲರೂ ಸಿದ್ಧರಾಗಿಯೇ ಇರುತ್ತಾರೆ. ಬೇರೆ ಬೇರೆ ಎಂದು ನಂಬಿಕೊಂಡಿದ್ದ ಎರಡು ವಸ್ತುಗಳು ನಿಜವಾಗಿ ಒಂದೇ ಕಡೆ ಇದ್ದದ್ದು ಹಾನಿಯನ್ನು ದುರಂತವಾಗಿಸಿದೆ.

ಸ್ಟ್ರಾಸ್‌ಬರ್ಗ್‌ನಲ್ಲಿ ಐದು ಅಂತಸ್ತಿನ ಎಸ್‌ಬಿಜಿ2 ಕಟ್ಟಡ ಸಂಪೂರ್ಣ ನಾಶವಾಯಿತು, ಪಕ್ಕದ ಎಸ್‌ಬಿಜಿ1ರ ಒಂದು ಭಾಗವೂ ಬೆಂದುಹೋಯಿತು. ಉಳಿದೆರಡು ಕಟ್ಟಡಗಳಿಗೆ ಜ್ವಾಲೆ ತಗಲದಿದ್ದರೂ ವಿದ್ಯುತ್ ನಿಲ್ಲಿಸಬೇಕಾಯಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಅಗ್ನಿಶಾಮಕ ಇಲಾಖೆಯ ವರದಿ ಹೊರಬಂದಾಗ ಕಂಡ ವಿವರಗಳು ಕಳವಳ ಹುಟ್ಟಿಸುವಂಥವು. ಇಡೀ ಕಟ್ಟಡದ ವಿದ್ಯುತ್ತನ್ನು ಒಮ್ಮೆಗೇ ಕಡಿಯುವ ಸ್ವಿಚ್ ಇರಲಿಲ್ಲ, ಪೂರ್ತಿ ಕಡಿಯಲು ಸುಮಾರು ಮೂರು ಗಂಟೆ ಹಿಡಿಯಿತು. ತಾನಾಗಿಯೇ ಬೆಂಕಿ ನಂದಿಸುವ ವ್ಯವಸ್ಥೆಯೂ ಇರಲಿಲ್ಲ. ಎಸಿ ಖರ್ಚು ಉಳಿಸಲೆಂದು ಹೊರಗಿನ ಗಾಳಿ ತಾನಾಗಿ ಒಳನುಗ್ಗಿ ಮೇಲೇರುವಂತೆ ಕಟ್ಟಡವನ್ನು ರೂಪಿಸಲಾಗಿತ್ತು. ಆ ರಾತ್ರಿ ಅದೇ ದಾರಿಯಲ್ಲಿ ಬೆಂಕಿಯೂ ಮೇಲೇರಿತು. ನದಿಯಲ್ಲಿದ್ದ ಅಗ್ನಿಶಾಮಕ ದೋಣಿ ನೀರು ಹಾಯಿಸಬೇಕಾಯಿತು. ನೆಟ್‌ಕ್ರಾಫ್ಟ್ ಸಂಸ್ಥೆಯ ಲೆಕ್ಕದಂತೆ 36 ಲಕ್ಷ ಜಾಲತಾಣಗಳು ಮಾಯವಾದವು.

ಒವಿಎಚ್ ಕಡಿಮೆ ದರಕ್ಕೆ ಹೆಸರಾದ ಕಂಪನಿ. ಅಗ್ಗ ಎಂಬುದು ತಪ್ಪಲ್ಲ. ಯುರೋಪಿನ ಅಸಂಖ್ಯ ಸಣ್ಣ ಉದ್ಯಮಗಳು ಜಾಲತಾಣ ತೆರೆದದ್ದೇ ಇಂಥ ದರದಿಂದ. ಆದರೆ ಅಗ್ಗವಾಗಲು ಯಾವುದನ್ನು ಕೈಬಿಡಲಾಗಿದೆ ಎಂಬುದು ದರಪಟ್ಟಿಯಲ್ಲಿ ಕಾಣುವುದಿಲ್ಲ. ಬಾಟಿ ಕುರ್ತಾಜ್ ನ್ಯಾಯಾಲಯದ ಮೆಟ್ಟಿಲೇರಿತು. ಲಿಲ್ ನಗರದ ವಾಣಿಜ್ಯ ನ್ಯಾಯಾಲಯ 2023ರ ಜನವರಿಯಲ್ಲಿ ಒವಿಎಚ್ ಒಂದು ಲಕ್ಷ ಯೂರೋಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಮೂಲ ಮತ್ತು ಪ್ರತಿಯನ್ನು ಒಂದೇ ಸೂರಿನಡಿ ಇಟ್ಟದ್ದು ಒಪ್ಪಂದದ ಉಲ್ಲಂಘನೆ ಎಂಬುದು ಆ ತೀರ್ಪಿನ ತಿರುಳು. ಹೋಸ್ಟಿಂಗ್ ಕೊಳ್ಳುವ ಪ್ರತಿಯೊಬ್ಬರೂ ಓದಬೇಕಾದ ತೀರ್ಪು ಇದು.

ಹೋಸ್ಟಿಂಗ್ ಜಾಹೀರಾತುಗಳಲ್ಲಿ ಮೆರೆಯುವುದು ಶೇಕಡಾವಾರು. ಶೇ 99.9 ಅಪ್‌ಟೈಮ್ ಅಂದರೆ ವರ್ಷಕ್ಕೆ ಸುಮಾರು ಎಂಟು ಮುಕ್ಕಾಲು ಗಂಟೆ ತಾಣ ಮುಚ್ಚಿರಬಹುದು ಎಂದರ್ಥ. ಟಿಯರ್ 3 ದರ್ಜೆಯ ಕೇಂದ್ರಕ್ಕೆ ರೂಢಿಯಲ್ಲಿರುವ ಲೆಕ್ಕ ಶೇ 99.982, ಅಂದರೆ ವರ್ಷಕ್ಕೆ ಒಂದೂವರೆ ಗಂಟೆಯ ಆಸುಪಾಸು. ಮಾತು ತಪ್ಪಿದರೆ ಸಾಮಾನ್ಯವಾಗಿ ಸಿಗುವುದು ಮಾಸಿಕ ಬಾಡಿಗೆಯಲ್ಲಿ ಒಂದಿಷ್ಟು ರಿಯಾಯಿತಿ. ಕಳೆದುಹೋದ ಕಡತಕ್ಕೆ, ಕೈತಪ್ಪಿದ ಗಿರಾಕಿಗೆ ಅದರಲ್ಲಿ ಬೆಲೆಯಿಲ್ಲ. ಈ ಅಂಕಿಗಳೆಲ್ಲ ಸೇವೆ ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನು ಹೇಳುತ್ತವೆಯೇ ಹೊರತು ದತ್ತಾಂಶ ಮರಳಿ ಸಿಗುತ್ತದೆಯೇ ಎಂಬುದನ್ನಲ್ಲ.

ಎಲ್ಲವನ್ನೂ ಒಂದೇ ಕಡೆ ಇಡಬಾರದೆಂಬ ಪಾಠವನ್ನು ದಕ್ಷಿಣ ಕೊರಿಯಾ ಎರಡು ಸಲ ಕಲಿಯಬೇಕಾಯಿತು. 2022ರ ಅಕ್ಟೋಬರ್ 15ರಂದು ಸೋಲ್ ಬಳಿಯ ಪಾಂಗ್ಯೊದಲ್ಲಿರುವ ಎಸ್‌ಕೆ ಕಂಪನಿಯ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ದೇಶದ ಬಹುಪಾಲು ಜನ ಬಳಸುವ ಕಕಾವೊಟಾಕ್ ಎಂಬ ಸಂದೇಶ ಆ್ಯಪ್ ಸ್ತಬ್ಧವಾಯಿತು. ಅದನ್ನು ನಡೆಸುವ ಕಕಾವೊ ಸಂಸ್ಥೆಯ ಸುಮಾರು 32 ಸಾವಿರ ಸರ್ವರ್‌ಗಳು ಅಲ್ಲೇ ಇದ್ದವು. ಸಂದೇಶ ಮಾತ್ರವಲ್ಲ, ಟ್ಯಾಕ್ಸಿ, ಪಾವತಿ, ಲಾಗಿನ್ ಎಲ್ಲಕ್ಕೂ ಪೆಟ್ಟು ಬಿತ್ತು. ಎಲ್ಲ ಸೇವೆಗಳೂ ಸರಿಹೋಗಲು 127 ಗಂಟೆ 30 ನಿಮಿಷ ಬೇಕಾಯಿತು. ಕಂಪನಿಯ ಸಹ ಮುಖ್ಯಸ್ಥರೊಬ್ಬರು ರಾಜೀನಾಮೆ ಕೊಟ್ಟರು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಅದೇ ಕಟ್ಟಡದಲ್ಲಿ ನೇವರ್ ಕಂಪನಿಯ ಸರ್ವರ್‌ಗಳೂ ಇದ್ದವು. ಆದರೆ ನೇವರ್ 2013ರಿಂದಲೇ ಚುಂಚಿಯನ್ ನಗರದಲ್ಲಿ ಸ್ವಂತ ಡೇಟಾ ಸೆಂಟರ್ ನಡೆಸುತ್ತಿತ್ತು, ಕೆಲಸವನ್ನು ಹಂಚಿಟ್ಟಿತ್ತು. ಕೆಲವೇ ಗಂಟೆಗಳಲ್ಲಿ ಅದು ಚೇತರಿಸಿಕೊಂಡಿತು. ಬೆಂಕಿ ಒಂದೇ, ಕಟ್ಟಡ ಒಂದೇ. ಒಬ್ಬರಿಗೆ ಗಂಟೆಗಳ ಅಡಚಣೆ, ಇನ್ನೊಬ್ಬರಿಗೆ ಐದು ದಿನದ ಬವಣೆ.

ಆಗ ಕೊರಿಯಾ ಸರ್ಕಾರದ ಕಡೆಯಿಂದ ಒಂದು ಭರವಸೆ ಬಂದಿತ್ತು: ಸರ್ಕಾರಿ ಕೇಂದ್ರಕ್ಕೆ ಇಂಥದ್ದಾದರೆ ಮೂರು ಗಂಟೆಯಲ್ಲಿ ಸರಿಪಡಿಸುತ್ತೇವೆ ಎಂದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ರಾಷ್ಟ್ರೀಯ ಮಾಹಿತಿ ಸಂಪನ್ಮೂಲ ಕೇಂದ್ರದಲ್ಲಿ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆದಿದ್ದಾಗ ಬೆಂಕಿ ಹೊತ್ತಿಕೊಂಡಿತು. 647 ಸರ್ಕಾರಿ ವ್ಯವಸ್ಥೆಗಳು ನಿಂತವು ಎಂದು ಮೊದಲು ಹೇಳಿದರು. ವ್ಯವಸ್ಥೆಗಳ ಪಟ್ಟಿ ಇದ್ದ ತಂತ್ರಾಂಶವೂ ಅದೇ ಬೆಂಕಿಯಲ್ಲಿ ನಿಂತುಹೋಗಿತ್ತು. ಅದು ಮರಳಿ ಚಾಲೂ ಆದ ಬಳಿಕ ಸಂಖ್ಯೆ 709 ಎಂದು ತಿದ್ದಿದರು. ಏನು ಕಳೆದುಹೋಗಿದೆ ಎಂಬುದನ್ನು ತಿಳಿಯುವ ದಾರಿಯೂ ಕಳೆದುಹೋದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಅದಕ್ಕಿಂತ ದೊಡ್ಡ ನಷ್ಟ ಜಿ-ಡ್ರೈವ್. ಸರ್ಕಾರಿ ನೌಕರರು ಕಡತಗಳನ್ನು ಮೇಜಿನ ಕಂಪ್ಯೂಟರಿನಲ್ಲಿ ಉಳಿಸದೆ ಈ ಸಾಮಾನ್ಯ ಭಂಡಾರದಲ್ಲೇ ಇಡಬೇಕೆಂದು ಸೂಚನೆ ಇತ್ತು. ಅಲ್ಲಿದ್ದ 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ಭಂಡಾರ ತೀರಾ ದೊಡ್ಡದು, ಹಾಗಾಗಿ ಪ್ರತಿ ಮಾಡಲಾಗಲಿಲ್ಲ ಎಂಬ ವಿವರಣೆ ಬಂತು. ಸೂಚನೆಯನ್ನು ಶಿಸ್ತಿನಿಂದ ಪಾಲಿಸಿದ ಕಚೇರಿಗಳೇ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವು. ಇಂಟರ್‌ನೆಟ್ ವೇಗಕ್ಕೆ ಜಗತ್ತೇ ಮಾದರಿ ಎನ್ನುವ ದೇಶದಲ್ಲಿ ಆದದ್ದಿದು.

ಸಂಪರ್ಕ ಜಾಲದ ಕಥೆಯೂ ಇದೇ ದಾರಿಯದು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲ್‌ಗಳು ತುಂಡಾದಾಗ ಭಾರತದ ಅಂತರರಾಷ್ಟ್ರೀಯ ಸಾಮರ್ಥ್ಯದ ಅರ್ಧದಷ್ಟು ಕುಸಿಯಿತು. ಮಾಲೀಕರು ಬೇರೆ, ಹೆಸರು ಬೇರೆ, ಹಾದಿ ಮಾತ್ರ ಒಂದೇ. ಹದಿನೇಳು ವರ್ಷಗಳ ನಂತರ, 2025ರ ಸೆಪ್ಟೆಂಬರಿನಲ್ಲಿ, ಕೆಂಪು ಸಮುದ್ರದ ಜಿದ್ದಾ ಬಳಿ ಮತ್ತೆ ಕೇಬಲ್‌ಗಳು ಕಡಿದು ಭಾರತ, ಪಾಕಿಸ್ತಾನಗಳ ಸಂಪರ್ಕ ನಿಧಾನವಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಆರು ಗಂಟೆಯಷ್ಟು ಕಾಲ ಜಗತ್ತಿನಿಂದಲೇ ಕಣ್ಮರೆಯಾದಾಗ ಯಾವ ತಂತಿಯೂ ತುಂಡಾಗಿರಲಿಲ್ಲ. ದುರಸ್ತಿಯ ವೇಳೆ ಕೊಟ್ಟ ಒಂದು ಆದೇಶ ಅದರ ಬೆನ್ನೆಲುಬು ಜಾಲವನ್ನೇ ಕಡಿದಿತ್ತು. ಅದನ್ನು ಸರಿಪಡಿಸಲು ಎಂಜಿನಿಯರುಗಳು ಬಳಸುವ ಉಪಕರಣಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದವು. ಮನೆಯ ಎರಡು ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಪೋಣಿಸಿದಂತಾಗಿತ್ತು.

ಬೆಂಗಳೂರಿಗೆ ಕಡಲಿಲ್ಲ. ಹೊರದೇಶದ ದತ್ತಾಂಶ ಇಲ್ಲಿಗೆ ಬರುವುದು ಮುಖ್ಯವಾಗಿ ಮುಂಬೈ, ಚೆನ್ನೈ ದಡಗಳಿಂದ, ನೆಲದಡಿಯ ಆಪ್ಟಿಕಲ್ ಫೈಬರ್ ಕೇಬಲ್ (ಒಎಫ್‌ಸಿ) ಮೂಲಕ. ರಸ್ತೆ ಅಗೆಯುವ ಜೆಸಿಬಿಗೆ ಇಂಥ ಕೇಬಲ್ ಸಿಕ್ಕಿ ಇಡೀ ಬಡಾವಣೆಯ ಸಂಪರ್ಕ ಕಡಿಯುವುದು ನಗರದ ನಿತ್ಯದ ಅನುಭವ. ಎರಡು ಕಂಪನಿಗಳಿಂದ ಸಂಪರ್ಕ ಪಡೆದು ನೆಮ್ಮದಿಯಾಗಿರುವವರು ಕೇಳಬೇಕಾದದ್ದು, ಆ ಎರಡೂ ಕೇಬಲ್‌ಗಳು ಒಂದೇ ಗುಂಡಿಯಲ್ಲಿ, ಒಂದೇ ಪೈಪಿನಲ್ಲಿ ಹಾದಿವೆಯೇ ಎಂದು. ಬಿಲ್ ಎರಡಾದ ಮಾತ್ರಕ್ಕೆ ದಾರಿ ಎರಡಾಗುವುದಿಲ್ಲ.

ಎರಡನೇ ಪ್ರತಿ ಎಲ್ಲಿದೆ ಎಂಬ ಪ್ರಶ್ನೆ ಬರೀ ಕಂಪನಿಗಳದ್ದಲ್ಲ. ‘ಭೂಮಿ’ ಯೋಜನೆಯಡಿ ಕರ್ನಾಟಕ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿತು. ಗ್ರಾಮಲೆಕ್ಕಿಗರ ದಯೆಗೆ ಕಾಯಬೇಕಿದ್ದ ರೈತನಿಗೆ ಅದು ನಿಜವಾದ ಬಿಡುಗಡೆ. ಆದರೆ ಅಂದಿನಿಂದ ಅವನ ಜಮೀನಿನ ಹಕ್ಕಿಗೆ ಆಧಾರ ಸರ್ವರಿನಲ್ಲಿರುವ ದಾಖಲೆ. ಇನ್ನೊಂದು ಕಡೆ, ಜಿಲ್ಲಾ ಪತ್ರಿಕೆಗಳ ಹಳೆಯ ಸಂಚಿಕೆಗಳು, ಹವ್ಯಾಸಿಗಳು ವರ್ಷಗಟ್ಟಲೆ ಶ್ರಮಪಟ್ಟು ಏರಿಸಿದ ಕನ್ನಡ ಪುಸ್ತಕಗಳು ತಿಂಗಳ ಬಾಡಿಗೆಯ ಅಗ್ಗದ ಹೋಸ್ಟಿಂಗ್‌ನಲ್ಲಿ ಕುಳಿತಿವೆ. ಅವುಗಳಿಗೆ ಕಾಗದದ ಮೂಲವೂ ಎಲ್ಲ ಕಡೆ ಉಳಿದಿಲ್ಲ.

ಸಣ್ಣ ಜಾಲತಾಣ ನಡೆಸುವವರಿಗೆ ಪರಿಹಾರ ದುಬಾರಿಯಲ್ಲ. ಬೇರೊಂದು ಕಂಪನಿಯ, ಬೇರೊಂದು ಊರಿನ ಸರ್ವರಿನಲ್ಲಿ ವಾರಕ್ಕೊಂದು ಪ್ರತಿ, ಕಚೇರಿಯ ಬೀರುವಿನಲ್ಲಿ ಒಂದು ಹಾರ್ಡ್‌ಡಿಸ್ಕ್, ವರ್ಷಕ್ಕೊಮ್ಮೆ ಆ ಪ್ರತಿಯಿಂದ ತಾಣವನ್ನು ಮರಳಿ ಕಟ್ಟಿ ನೋಡುವ ಅಭ್ಯಾಸ ಸಾಕು. ಮರಳಿ ಕಟ್ಟಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ ಎಂದು ಸರ್ವರ್ ನೋಡಿಕೊಳ್ಳುವವರು ಹೇಳುವುದು ಅನುಭವದಿಂದ.

ಸರ್ಕಾರದ ಹೊಣೆ ಇನ್ನೂ ದೊಡ್ಡದು. ಡೇಟಾ ಸೆಂಟರ್ ಟೆಂಡರುಗಳಲ್ಲಿ ಕಡಿಮೆ ದರ ನಮೂದಿಸಿದವರಿಗೆ ಕೆಲಸ ಒಪ್ಪಿಸುವ ಮೊದಲು, ಎರಡನೇ ಪ್ರತಿ ಎಷ್ಟು ದೂರದಲ್ಲಿದೆ, ಅದರ ವಿದ್ಯುತ್ ಮೂಲ ಬೇರೆಯೇ, ಬ್ಯಾಟರಿ ಕೊಠಡಿ ಸರ್ವರ್‌ಗಳಿಂದ ಪ್ರತ್ಯೇಕವೇ, ಎರಡು ಕೇಬಲ್‌ಗಳ ಹಾದಿ ನಕ್ಷೆಯಲ್ಲಿ ಎಲ್ಲಾದರೂ ಕೂಡುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಬೇಕು. ಜನರ ಹಕ್ಕುಪತ್ರಗಳಿರುವ ವ್ಯವಸ್ಥೆಗಳಲ್ಲಿ ವರ್ಷಕ್ಕೊಮ್ಮೆ ಮುಖ್ಯ ಕೇಂದ್ರವನ್ನು ನಿಜವಾಗಿಯೇ ನಿಲ್ಲಿಸಿ, ಎರಡನೆಯದರಿಂದ ಪಹಣಿ ಮುದ್ರಿಸಿ ನೋಡುವ ಕವಾಯತು ನಡೆಯಬೇಕು. ಅದಕ್ಕೆ ಎಷ್ಟು ಗಂಟೆ ಹಿಡಿಯಿತು, ಏನೇನು ಮರಳಲಿಲ್ಲ ಎಂಬ ವರದಿ ವಿಧಾನಮಂಡಲದ ಮುಂದೆ ಬರಬೇಕು.